ಶಿರಸಿಯ ಮೊದಲ ವರ್ಷ: ಮಳೆ, ಎಲೆ, ವಸ್ತಿ ಬಸ್ಸು

ಬಿ.ಎಸ್ಸಿ. ಫಾರೆಸ್ಟ್ರಿಗೇ ಸೇರಬೇಕು ಅಂತ ಆಸೆಪಟ್ಟು ಬಂದವರು ನಮ್ಮ ಬ್ಯಾಚಿನಲ್ಲಿ ಕಡಿಮೆ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ಕೂತು, ಬೀಜ ಗೊಬ್ಬರ ಕೂರಿಗೆ ಎಲ್ಲ ಗುರುತಿಸಿ, ಧಾರವಾಡದಲ್ಲಿ ಅಗ್ರಿ ಸೀಟು ಸಿಗಲಿ ಅಂತ ಕಾದು, ಸಿಗದೆ ಇದ್ದಾಗ ಶಿರಸಿಗೆ ಬಂದವರೇ ಜಾಸ್ತಿ. ನಾನೂ ಅವರಲ್ಲಿ ಒಬ್ಬಳು. ನಮ್ಮದು ಗದಗ ಜಿಲ್ಲೆ, ರೋಣದ ಕಡೆ. ಎರೆ ಹೊಲ, ಜೋಳ, ಕಡಲೆ, ಬದುವಿನ ಮೇಲೆ ಅಲ್ಲೊಂದು ಬೇವು, ಇಲ್ಲೊಂದು ಬನ್ನಿ. ನಾನು ಹೆಸರು ಹೇಳಬಲ್ಲ ಮರಗಳಿಗೆ ಎರಡು ಕೈಯ ಬೆರಳು ಸಾಕಾಗುತ್ತಿದ್ದವು. ಅಂಥವಳು 2013ರ ಮಳೆಗಾಲದಲ್ಲಿ ಶಿರಸಿಯ ಅರಣ್ಯ ಮಹಾವಿದ್ಯಾಲಯಕ್ಕೆ ಸೇರಿದೆ.

ಈ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಶುರುವಾಗಿದ್ದು 1985ರಲ್ಲಿ. ಇರುವುದು ಬನವಾಸಿ ರಸ್ತೆಯಲ್ಲಿ. ಈಗಲೂ ವರ್ಷಾ ವರ್ಷ ನಮ್ಮ ಕಡೆಯ ಹುಡುಗ ಹುಡುಗಿಯರು ಹಾಸಿಗೆ ಸುರುಳಿ ಹಿಡಿದು ಅಲ್ಲಿಗೆ ಹೋಗುತ್ತಾರೆ. 'ಅಕ್ಕಾ, ಅಲ್ಲಿ ಹೆಂಗ್ ಇರೋದು, ಎಲ್ಲಿಗೆ ಹೋಗೋದು' ಅಂತ ಕೇಳುತ್ತಾರೆ. ನಾನು ಹೇಗೆ ಇದ್ದೆ, ಎಲ್ಲೆಲ್ಲಿ ತಿರುಗಿದೆ ಅನ್ನುವುದನ್ನೇ ಬರೆದುಬಿಡುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡಲಾ? ಆ ಊರಿಗೆ ನಾನು ಹೊಂದಿಕೊಂಡಿದ್ದು ಹಾಸ್ಟೆಲಿನಲ್ಲಿ ಕೂತು ಅಲ್ಲ, ಹಳ್ಳಿ ಬಸ್ಸು ಹತ್ತಿ.

ಮೊದಲು ಮಳೆಯ ವಿಷಯ. ನಮ್ಮ ಕಡೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಶಿರಸಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಬಿದ್ದು ಮುಗಿಯುತ್ತದೆ. ಹೋದ ಹೊಸತರಲ್ಲಿ ಮಳೆ ನಿಂತ ಮೇಲೆ ಪೇಟೆಗೆ ಹೋಗೋಣ ಅಂತ ಕಿಟಕಿ ಹತ್ತಿರ ಕಾಯುತ್ತಿದ್ದೆ. ಅದು ನಿಲ್ಲುವ ಮಳೆ ಅಲ್ಲ. ಅಲ್ಲಿಯವರು ಯಾರೂ ಕಾಯುವುದೂ ಇಲ್ಲ, ಕೊಡೆ ಬಿಚ್ಚಿ ನಡೆಯುತ್ತಾರೆ ಅಷ್ಟೇ. ಹಾಗಾಗಿ ಊರಿಂದ ಹೊಸ ಡ್ರೆಸ್ಸು ತರುವ ಬದಲು ಕಡ್ಡಿ ಗಟ್ಟಿಯಾದ ಕೊಡೆ ತನ್ನಿ. ಹವಾಯಿ ಚಪ್ಪಲಿ ಬೇಡ, ನಡೆದ ಹಾಗೆ ಕೆಸರು ಬೆನ್ನಿನ ತನಕ ಸಿಡಿಯುತ್ತದೆ. ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಸಿ.ಪಿ. ಬಜಾರಿನಲ್ಲಿ ಸಿಗುತ್ತದೆ. ಜೀನ್ಸ್ ಪ್ಯಾಂಟು ಆಗಸ್ಟಿನಲ್ಲಿ ಒಗೆದರೆ ಗಣಪತಿ ಹಬ್ಬಕ್ಕೆ ಒಣಗುತ್ತದೆ. ತೆಳು ಬಟ್ಟೆಯ ಪ್ಯಾಂಟು, ದುಪಟ್ಟಾ ಇಲ್ಲದ ಕುರ್ತಾ, ಒಂದು ಇಸ್ತ್ರಿ ಪೆಟ್ಟಿಗೆ. ಇಷ್ಟಿದ್ದರೆ ದಸರಾ ತನಕ ಬದುಕಬಹುದು.

ಇಸ್ತ್ರಿ ಪೆಟ್ಟಿಗೆ ಬಟ್ಟೆಗೆ ಮಾತ್ರ ಅಂತ ತಿಳಿಯಬೇಡಿ. ನಮ್ಮಲ್ಲಿ ಅದರ ಅರ್ಧ ಕೆಲಸ ಎಲೆಗಳದು. ಮರಗಳನ್ನು ಗುರುತಿಸುವ ಪಾಠಕ್ಕೆ ಪ್ರತಿಯೊಬ್ಬರೂ ಹರ್ಬೇರಿಯಂ, ಅಂದರೆ ಒತ್ತಿ ಒಣಗಿಸಿದ ಎಲೆ ಟೊಂಗೆಗಳ ಸಂಗ್ರಹ, ಮಾಡಿ ಕೊಡಬೇಕು. ಹೂವೋ ಕಾಯೋ ಇರುವ ಟೊಂಗೆಯ ತುದಿ ಕಿತ್ತು ತರುವುದು. ಹಳೆ ಪೇಪರಿನ ಮಧ್ಯ ಹರಡುವುದು. ಒಂದು ಎಲೆಯನ್ನಾದರೂ ಮಗುಚಿ, ಬೆನ್ನು ಕಾಣುವ ಹಾಗೆ ಇಡುವುದು, ಯಾಕೆಂದರೆ ನರ, ರೋಮ, ಬಣ್ಣ ಎಲ್ಲ ಗುರುತು ಹಿಡಿಯುವುದು ಅಲ್ಲೇ. ಆಮೇಲೆ ಮೇಲೆ ಭಾರ ಹೇರಿ, ದಿನಾ ಪೇಪರ್ ಬದಲಿಸುವುದು. ಬೇಸಿಗೆಯಲ್ಲಿ ಇದು ಸುಲಭದ ಕೆಲಸ. ಮಳೆಗಾಲದಲ್ಲಿ ಪೇಪರೇ ಒದ್ದೆ. ಬೆಳಿಗ್ಗೆ ಬಿಚ್ಚಿ ನೋಡಿದರೆ ಎಲೆಯ ಮೇಲೆ ಬೂದಿ ಬಣ್ಣದ ಬೂಸ್ಟು. ಮತ್ತಿ ಎಲೆ ಕರ್ರಗೆ ತಿರುಗುತ್ತಿತ್ತು. ನಂದಿ, ಹೊನ್ನೆ ಎಲೆಗಳು ತೊಟ್ಟು ಬಿಟ್ಟು ಉದುರುತ್ತಿದ್ದವು. ಪೇಪರಿನ ಮೇಲಿಂದ ಸಣ್ಣ ಬಿಸಿಯಲ್ಲಿ ಇಸ್ತ್ರಿ ಮಾಡುವುದನ್ನು ಸೀನಿಯರ್ ಅಕ್ಕಂದಿರು ಹೇಳಿಕೊಟ್ಟರು. ಬಿಸಿ ಜಾಸ್ತಿಯಾದರೆ ಎಲೆ ಬೆಂದ ವಾಸನೆ ಇಡೀ ಕಾರಿಡಾರಿಗೆ.

ನನ್ನ ತಿರುಗಾಟ ಶುರುವಾಗಿದ್ದೇ ಈ ಎಲೆಗಳಿಂದ. ನಮ್ಮ ಕ್ಲಾಸಿನಲ್ಲಿ ಹುಲೇಕಲ್ ಕಡೆಯ ಒಬ್ಬ ಹುಡುಗಿ ಇದ್ದಳು. ಅವಳ ಎಲೆಗಳು ಮಾತ್ರ ಅಂಗಡಿಯಿಂದ ತಂದ ಹಾಗೆ ಗರಿಗರಿ. ಗುಟ್ಟು ಕೇಳಿದೆ. 'ನಮ್ಮನೆ ಬಚ್ಚಲೊಲೆ ಮೇಲೆ ಅಟ್ಟ ಉಂಟು, ನಿಂದೂ ತಗಂಡು ಬಾ' ಅಂದಳು. ಶನಿವಾರ ಪ್ರಾಕ್ಟಿಕಲ್ ಮುಗಿದ ಮೇಲೆ ಎಲೆ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಾಸ್ಟೆಲ್ ರಿಜಿಸ್ಟರಿನಲ್ಲಿ ಬರೆದು, ಅವಳ ಜೊತೆ ಹೊರಟೆ.

ಅವಳೂರಿಗೆ ಹೋಗುವುದು ವಸ್ತಿ ಬಸ್ಸು. ಸಂಜೆ ಶಿರಸಿ ಬಿಟ್ಟು, ರಾತ್ರಿ ಆ ಹಳ್ಳಿಯಲ್ಲೇ ಉಳಿದು, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ವಾಪಸ್ ಬರುವ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರಿಗೂ ಪ್ರತಿ ಮನೆಯ ವಿಚಾರ ಗೊತ್ತು. ಹತ್ತಿದ ಕೂಡಲೇ ಕಂಡಕ್ಟರ್ ನನ್ನನ್ನು ನೋಡಿ, 'ಯಾರ ಮನೆಗೆ?' ಅಂತ ಕೇಳಿದರು. ಟಿಕೆಟ್ ಆಮೇಲೆ. ದಾರಿಯಲ್ಲಿ ಯಾರದೋ ಮನೆಗೆ ಔಷಧಿ, ಯಾರಿಗೋ ಪಂಪಿನ ಪಾರ್ಟು, ಇನ್ನೊಬ್ಬರಿಗೆ ಮದುವೆ ಕರೆಯೋಲೆ ಕೊಡುತ್ತಾ ಬಸ್ಸು ನಿಲ್ಲುತ್ತಿತ್ತು. ಮನೆ ಅನ್ನುವುದು ಕಾಣುತ್ತಲೇ ಇರಲಿಲ್ಲ, ಬರೀ ಕಾಡು. ಜನ ಇಳಿದು, ಟಾರ್ಚು ಹಚ್ಚಿ, ಕಾಡಿನೊಳಗೆ ಹೋಗಿಬಿಡುತ್ತಿದ್ದರು. ನಮ್ಮಲ್ಲಿ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು. ಇಲ್ಲಿ ತೋಟಕ್ಕೊಂದು ಮನೆ, ಮಧ್ಯ ಎರಡು ಗುಡ್ಡ.

'ಬಾ ತಂಗಿ, ಕಾಲು ತೊಳಕಂಡು ಒಳಗೆ ಬಾ. ಆಸ್ರಿಗೆ ಎಂತ ಕೊಡ್ಲಿ?' ಅಂದರು ಅವಳ ಅಮ್ಮ. ಕಷಾಯ ಬಂತು. ಎಲೆ ಕಟ್ಟು ಅಟ್ಟಕ್ಕೆ ಹೋಯಿತು. ಕೆಳಗೆ ಇಡೀ ಮಳೆಗಾಲ ಆರದೆ ಉರಿಯುವ ಒಲೆ. ಅದರ ಮೇಲೆ ಹಲಸಿನ ಬೇಳೆ, ಒದ್ದೆ ಕಂಬಳಿ, ಶಾಲೆ ಚೀಲ, ಪಕ್ಕದಲ್ಲಿ ನನ್ನ ಮತ್ತಿ, ಹೊನ್ನೆ, ನಂದಿ. ಮುಂದಿನ ವಾರ ತೆಗೆದಾಗ ಎಲೆ ಎಲ್ಲ ಗರಿಗರಿ, ಆದರೆ ಹೊಗೆ ವಾಸನೆ. ಮೇಷ್ಟ್ರು ಹಾಳೆ ಮೂಸಿ ನೋಡಿ ನಕ್ಕರು. ಆ ವಾಸನೆ ಅವರಿಗೂ ಪರಿಚಯ ಇದ್ದದ್ದೇ.

ಮಾರನೇ ದಿನ ಬೆಳಿಗ್ಗೆ ಅವಳ ಅಪ್ಪ ತೋಟ ತೋರಿಸಿದರು. ಅಡಿಕೆ ಮರ ಹತ್ತುವ ಕೊನೆಗೌಡ ಔಷಧಿ ಹೊಡೆಯಲು ಬಂದಿದ್ದ. ಮೈಲುತುತ್ತ ಮತ್ತು ಸುಣ್ಣ, 100 ಲೀಟರ್ ನೀರಿಗೆ ತಲಾ ಒಂದು ಕೆ.ಜಿ. ಅದೇ ಬೋರ್ಡೋ ದ್ರಾವಣ. ಅಡಿಕೆಗೆ ಕೊಳೆ ರೋಗ ಬರಬಾರದು ಅಂತ ಮಳೆ ಬಿಡುವು ಕೊಟ್ಟಾಗೆಲ್ಲ ಹೊಡೆಯಬೇಕು. ಅವನು ಮರಕ್ಕೆ ಹಿಡಿತ ಸಿಗಲಿ ಅಂತ ಕಾಲಿಗೆ ಬಳೆ ಹಾಕಿಕೊಂಡು ಒಂದು ಮರ ಹತ್ತಿದ. ಆ ಗೊನೆಗೆ ಹೊಡೆದು ಮುಗಿಸಿ, ಕೆಳಗೆ ಇಳಿಯಲಿಲ್ಲ. ಮರವನ್ನು ಬಾಗಿಸಿ, ಕೈ ಚಾಚಿ ಪಕ್ಕದ ಮರ ಹಿಡಿದು ಆ ಕಡೆ ಹಾಯ್ದುಬಿಟ್ಟ. ಬಿಟ್ಟ ಮರ ಆಚೀಚೆ ತೂಗಿ ನೆಟ್ಟಗೆ ನಿಂತಿತು. ಮತ್ತೆ ಮುಂದಿನ ಮರ. ಮಳೆಯಲ್ಲಿ ಪಾಚಿ ಹಿಡಿದ ಮರಗಳವು, ನುಣ್ಣಗೆ. ನಾನು ಕೊಡೆ ಮರೆತು ನೋಡುತ್ತಾ ನೆನೆದುಬಿಟ್ಟೆ.

ತೋಟದ ಮೇಲಿನ ಗುಡ್ಡಕ್ಕೆ ಸೊಪ್ಪಿನ ಬೆಟ್ಟ ಅನ್ನುತ್ತಾರೆ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಬೆಟ್ಟದ ಹಕ್ಕು, ಬ್ರಿಟಿಷರ ಕಾಲದಿಂದ ಬಂದಿದ್ದು. ತೋಟಕ್ಕೆ ಬೇಕಾದ ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ಎಲ್ಲ ಅಲ್ಲಿಂದ. ಜಾಗ ಸರ್ಕಾರದ್ದು, ಸೊಪ್ಪು ಮನೆಯವರದ್ದು. ಮುಂದಿನ ಸೆಮಿಸ್ಟರಿನಲ್ಲಿ ಅರಣ್ಯ ಕಾನೂನಿನ ಪಾಠದಲ್ಲಿ ಇದು ಬಂದಾಗ ಪಕ್ಕದ ಬೆಂಚಿನವರು ಬಾಯಿಪಾಠ ಹೊಡೆದರು. ನನಗೆ ಟೊಂಗೆ ಸವರಿ ಸವರಿ ಕಂಬದ ಹಾಗೆ ನಿಂತ ಮತ್ತಿ ಮರಗಳು ಕಣ್ಣ ಮುಂದೆ ಬಂದವು.

ಅಲ್ಲಿಂದ ರೂಢಿ ಆಯಿತು. ಭಾನುವಾರ ಬಂದರೆ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ನೋಡುವುದು. ನನ್ನ ಕ್ರಮ ಇಷ್ಟೇ: ಜಾಗ ಆರಿಸುವ ಮೊದಲು ವಾಪಸ್ ಬಸ್ಸು ಆರಿಸಬೇಕು. ಬಸ್ ಸ್ಟ್ಯಾಂಡಿನ ಬೋರ್ಡು ಹೇಳುವುದು ಹೊರಡುವ ಹೊತ್ತು ಮಾತ್ರ. ಬರುವ ಹೊತ್ತು ಕಂಟ್ರೋಲರ್ ಹತ್ತಿರ ಕೇಳಿ, ಹತ್ತಿದ ಮೇಲೆ ಕಂಡಕ್ಟರ್ ಹತ್ತಿರ ಇನ್ನೊಮ್ಮೆ ಕೇಳಿ, ಇಳಿದ ಮೇಲೆ ಅಲ್ಲಿನ ಗೂಡಂಗಡಿಯಲ್ಲಿ ಮತ್ತೊಮ್ಮೆ. ಮೂವರೂ ಒಂದೇ ಹೊತ್ತು ಹೇಳಿದರೆ ನಿಶ್ಚಿಂತೆ. ನಮ್ಮ ಕಾಲಕ್ಕೆ ಟಿಕೆಟಿನ ರೊಕ್ಕವೂ ಲೆಕ್ಕ ಹಾಕಬೇಕಿತ್ತು. 2023ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಇನ್ನೂ ಹಾಸ್ಟೆಲಿನಲ್ಲಿ ಮಲಗಿರುವ ತಂಗಿಯರಿಗೆ ಏನು ಹೇಳಲಿ?

ಮೊದಲು ಹೋಗಬೇಕಾದ್ದು ಬನವಾಸಿ. ಕಾಲೇಜಿನ ಮುಂದೆಯೇ ಬಸ್ಸು ಹಾಯುತ್ತದೆ, ಒಂದು ತಾಸಿನೊಳಗೆ ತಲುಪಬಹುದು. ದಾರಿಯುದ್ದ ಅಡಿಕೆ, ಬಾಳೆ, ಬನವಾಸಿ ಹತ್ತಿರ ಬಂದ ಹಾಗೆ ಅನಾನಸ್ ಹೊಲ. ವರದಾ ನದಿ ಊರನ್ನು ಮೂರು ಕಡೆ ಸುತ್ತಿದೆ. ಕದಂಬರ ರಾಜಧಾನಿ ಅಂದಾಗ ಕೋಟೆ ಕೊತ್ತಲ ಅಂತ ಏನೇನೋ ಕಲ್ಪಿಸಿಕೊಂಡು ಹೋಗಬೇಡಿ, ಈಗಿರುವುದು ಒಂದು ಶಾಂತ ಹಳ್ಳಿ. ಮಧುಕೇಶ್ವರ ದೇವಸ್ಥಾನದಲ್ಲಿ ನಂದಿಯ ಹತ್ತಿರ ನಿಲ್ಲಿ. ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ ಅನ್ನುತ್ತಾರೆ. ಎಡಕ್ಕೆ ಬಲಕ್ಕೆ ಸರಿದು ನೋಡಿದರೆ ಹೌದು ಅನಿಸುತ್ತದೆ. ಒಳಗೆ ಕಲ್ಲಿನ ಮಂಚ ಇದೆ, ಶಿರಸಿ ಹತ್ತಿರದ ಸೋದೆಯನ್ನು ಆಳಿದ ಅರಸರ ಕೊಡುಗೆ. ಅದರ ಕೆತ್ತನೆ ಸಾವಕಾಶ ನೋಡುವಂಥದ್ದು. ವಾಪಸ್ ಬರುವಾಗ ಅನಾನಸ್ ಕೊಂಡರೆ ಪೇಟೆಗಿಂತ ಅಗ್ಗ, ಆದರೆ ಹಾಸ್ಟೆಲಿನಲ್ಲಿ ಚಾಕು ಯಾರ ಹತ್ತಿರ ಇದೆ ಅಂತ ಮೊದಲೇ ತಿಳಿದುಕೊಳ್ಳಿ.

ಸಹಸ್ರಲಿಂಗಕ್ಕೆ ಮಳೆಗಾಲದಲ್ಲಿ ಹೋದರೆ ಶಾಲ್ಮಲಾ ನದಿ ತುಂಬಿ ಹರಿಯುವುದು ಕಾಣುತ್ತದೆ, ಲಿಂಗಗಳು ಕಾಣುವುದಿಲ್ಲ. ಜನವರಿ ಸರಿಯಾದ ಕಾಲ. ನೀರು ಇಳಿದು, ಹೊಳೆಯ ಬಂಡೆಗಳ ಮೇಲೆಲ್ಲ ಕೆತ್ತಿದ ಲಿಂಗ, ಅದರ ಎದುರು ಪುಟ್ಟ ನಂದಿ ಹೊರಗೆ ಬರುತ್ತವೆ. ಯಲ್ಲಾಪುರ ರಸ್ತೆಯ ಕಡೆ ಹೋಗಿ, ಬಸ್ಸಿಳಿದು ಸ್ವಲ್ಪ ನಡೆಯಬೇಕು. ಸೋದೆಯ ಸದಾಶಿವರಾಯ ಮಾಡಿಸಿದ್ದು ಎನ್ನುತ್ತಾರೆ, 17ನೇ ಶತಮಾನದ ಕೊನೆಯ ಹೊತ್ತಿಗೆ. ಹತ್ತಿರ ಒಂದು ತೂಗುಸೇತುವೆಯೂ ಇದೆ. ಶಿವರಾತ್ರಿಗೆ ಹೋಗಬೇಡಿ, ಜನರ ತಲೆ ಬಿಟ್ಟು ಏನೂ ಕಾಣುವುದಿಲ್ಲ. ಇನ್ನೊಂದು ಮಾತು. ನಮ್ಮ ಕಡೆಯವರಿಗೆ ಈಜು ಬಾವಿಯದ್ದು. ಹರಿಯುವ ನೀರು ಬೇರೆ. ಪಾಚಿ ಬಂಡೆ ಮೇಲೆ ಫೋಟೋಕ್ಕೆ ನಿಲ್ಲುವ ಹುಚ್ಚು ಬಿಡಿ.

ಉಂಚಳ್ಳಿ ಜಲಪಾತ ಸಿದ್ದಾಪುರ ತಾಲೂಕಿನಲ್ಲಿ, ಹೆಗ್ಗರಣೆಯ ಮುಂದೆ. ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತದೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ ಊರವರು ಕೆಪ್ಪ ಜೋಗ ಅನ್ನುತ್ತಾರೆ. 1845ರಲ್ಲಿ ಅದನ್ನು ಕಂಡ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರೂ ಅದಕ್ಕಿದೆ. ಜುಲೈಯಲ್ಲಿ ಬರೀ ಮಂಜು, ಸದ್ದು ಮಾತ್ರ ಕೇಳುತ್ತದೆ. ಅಕ್ಟೋಬರ್ ಒಳ್ಳೆಯದು. ಬಸ್ಸಿಳಿದ ಮೇಲೆ ಕೆಲವು ಕಿಲೋಮೀಟರ್ ನಡಿಗೆ, ಆಮೇಲೆ ಮೆಟ್ಟಿಲು. ಉಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತೇ ಹತ್ತುತ್ತದೆ. ಸುಣ್ಣ ಮತ್ತು ತಂಬಾಕು ಕಟ್ಟಿದ ಸಣ್ಣ ಬಟ್ಟೆಗಂಟನ್ನು ಒದ್ದೆ ಮಾಡಿ ಮುಟ್ಟಿಸಿದರೆ ಉದುರುತ್ತದೆ. ಎಳೆದು ಕೀಳಬೇಡಿ, ರಕ್ತ ಜಾಸ್ತಿ ಹೊತ್ತು ಸುರಿಯುತ್ತದೆ. ಇದೇ ಅಘನಾಶಿನಿ ಹುಟ್ಟುವ ಜಾಗ ಶಿರಸಿ ಪೇಟೆಯ ಹತ್ತಿರದ ಶಂಕರ ಹೊಂಡ ಅನ್ನುತ್ತಾರೆ. ಹೊಂಡ ನೋಡಿ ಉಂಚಳ್ಳಿಗೆ ಹೋಗಿ. ಹೊಂಡದ ಅಷ್ಟೇ ನೀರು ಇಷ್ಟು ದೊಡ್ಡ ಜಲಪಾತ ಆಗುವುದಕ್ಕೆ ಎಷ್ಟು ಕಾಡು, ಎಷ್ಟು ಹಳ್ಳ ಸೇರಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ.

'ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ' ಅಂತ ಅಲ್ಲಿ ಗಾದೆ. ನಮ್ಮ ಹತ್ತಿರ ರೊಕ್ಕ ಇರಲಿಲ್ಲ, ಯಾಣಕ್ಕೇ ಹೋದೆವು. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಕರ್ರಗೆ. ಚೆನ್ನಾಗಿದೆ, ಖಂಡಿತ ನೋಡಿ. ಆದರೆ ರಸ್ತೆ ಆದ ಮೇಲೆ ಸೊಕ್ಕಿಗೆ ಅಲ್ಲಿ ಜಾಸ್ತಿ ಕೆಲಸ ಉಳಿದಿಲ್ಲ.

ಕಾಲೇಜಿನ ಬಸ್ಸಿನಲ್ಲೇ ಕರೆದುಕೊಂಡು ಹೋಗುವ ಜಾಗಗಳೂ ಇವೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕತ್ತಲೆಕಾನು, ಜೋಗದಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ. ಕಾಡಿನೊಳಗೆ ಜೌಗು. ಅದರಲ್ಲಿ ರಾಮಪತ್ರೆ ಜಾತಿಯ ಮರಗಳು ನಿಂತಿವೆ. ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ಅದಕ್ಕೆ ಬೇರುಗಳು ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಕಾಲಿಡಲು ಜಾಗ ಹುಡುಕಬೇಕು, ಬೇರು ತುಳಿಯಬಾರದು ಅಂತ ಮೇಷ್ಟ್ರು ಬೈಯುತ್ತಲೇ ಇದ್ದರು. ಗೇರಿನ ಕುಲದ ಒಂದು ಅಪರೂಪದ ಮರ ಅಲ್ಲಿದೆ. 2000ನೇ ಇಸವಿಯಲ್ಲಿ ಅದನ್ನು ಹೊಸ ಜಾತಿ ಅಂತ ಗುರುತಿಸಿ ಹೆಸರಿಟ್ಟರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಪ್ರಾಣಿ, ಗಿಡ, ಎಲ್ಲ ಹುಡುಕಿ ಆಗಿದೆ, ನಮಗೇನು ಉಳಿದಿದೆ ಅಂತ ಹಾಸ್ಟೆಲಿನಲ್ಲಿ ಗೊಣಗುತ್ತಿದ್ದ ನಾವು ಆ ಮರದ ಕೆಳಗೆ ಸುಮ್ನೆ ನಿಂತಿದ್ದೆವು.

ಸಾಲ್ಕಣಿಗೂ ಹೋಗಿ. ನೋಡಲು ಬೋರ್ಡು, ಟಿಕೆಟ್ಟು ಏನೂ ಬೇಕಿಲ್ಲದ ಸಾದಾ ಹಳ್ಳಿ. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲು ಬಂದವರ ಎದುರು ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಅಲ್ಲಿ. ನಮ್ಮ ಕಾಲೇಜು ಬಂದಿದ್ದು ಅದಾದ ಎರಡು ವರ್ಷಕ್ಕೆ. ಕಾಡಿನಿಂದ ಎಷ್ಟು ಘನ ಅಡಿ ಮರ ಸಿಗುತ್ತದೆ ಅನ್ನುವ ಲೆಕ್ಕವನ್ನು ನಾವು ಕ್ಲಾಸಿನಲ್ಲಿ ಕಲಿತೆವು. ಆ ಲೆಕ್ಕ ಬೇಡ ಅಂದವರ ಮನೆಗಳು ಅರ್ಧ ದಿನದ ದೂರದಲ್ಲಿ ಇದ್ದವು. ಎರಡನ್ನೂ ನೋಡದವರು ಫಾರೆಸ್ಟ್ರಿ ಓದಿದೆವು ಅಂದರೆ ನಾನಂತೂ ನಂಬುವುದಿಲ್ಲ.

ಇನ್ನು ಪೇಟೆ. ಭಾನುವಾರ ರಾತ್ರಿ ಊಟ ಹೊರಗೆ ಅನ್ನುವುದು ನಾವೇ ಮಾಡಿಕೊಂಡ ನಿಯಮ. ಸಂಜೆ ದೇವಿಕೆರೆ ಕಡೆಯಿಂದ ಒಂದು ಸುತ್ತು, ಮಾರಿಕಾಂಬೆಗೆ ಕೈಮುಗಿದು, ಸಿ.ಪಿ. ಬಜಾರಿನಲ್ಲಿ ಏನೂ ಕೊಳ್ಳದೆ ಎಲ್ಲದರ ರೇಟು ಕೇಳಿ, ಆಮೇಲೆ ಊಟ. ಜೋಳದ ರೊಟ್ಟಿಯ ಖಾನಾವಳಿ ಹುಡುಕುವುದು ನಮ್ಮ ಕಡೆಯವರ ಮೊದಲ ಕೆಲಸ, ಸಿಗುತ್ತದೆ. ಆದರೆ ದಿನಾ ಅದನ್ನೇ ಹುಡುಕುತ್ತಾ ಹೋದರೆ ತಂಬುಳಿ, ಅಪ್ಪೆಹುಳಿ ತಪ್ಪುತ್ತವೆ. ಟಿಎಸ್ಎಸ್ ಸುಪರ್ ಮಾರ್ಕೆಟ್ಟಿಗೂ ಹೋಗಿ. 1923ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಹಕಾರಿ ಸಂಘ ಅದು. ಊರಿಗೆ ಹೋಗುವಾಗ ತೊಡೆದೇವು ತೆಗೆದುಕೊಂಡು ಹೋಗಿ. ಬಿಸಿ ಮಾಡಿದ ಮಗುಚಿದ ಮಡಕೆಯ ಬೆನ್ನಿಗೆ ಕಬ್ಬಿನ ಹಾಲಿನಲ್ಲಿ ಕಲಸಿದ ಹಿಟ್ಟು ಬಳಿದು, ಪೇಪರಿನಷ್ಟು ತೆಳ್ಳಗೆ ಎಬ್ಬಿಸುತ್ತಾರೆ. ಬ್ಯಾಗಿನ ತಳಕ್ಕೆ ಇಟ್ಟರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಪುಡಿ. ಮಡಿಲಲ್ಲೇ ಇಟ್ಟುಕೊಂಡು ಕೂರಬೇಕು.

ನೀವು ಸೇರಿದ ಮೇಲೆ ಬರುವ ಮೊದಲ ಫಾಲ್ಗುಣಕ್ಕೆ ಜಾತ್ರೆ ಇದೆಯೋ ಇಲ್ಲವೋ ಲೆಕ್ಕ ಹಾಕಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಈಗ ಸರಿಸಂಖ್ಯೆಯ ವರ್ಷಗಳಲ್ಲಿ ಬರುತ್ತಿದೆ. ನಮಗೆ 2014ರಲ್ಲಿ ಸಿಕ್ಕಿತು. ದೇವಿ ತೇರಿನಲ್ಲಿ ಬಿಡ್ಕಿಬೈಲಿಗೆ ಬಂದು ಗದ್ದುಗೆ ಏರುತ್ತಾಳೆ. ಇಡೀ ಊರು ಮಲಗುವುದೇ ಇಲ್ಲ. ತೊಟ್ಟಿಲು, ಬಾವಿಯೊಳಗೆ ಬೈಕು ಓಡಿಸುವವರು, ಬಳೆ ಅಂಗಡಿ, ಯಕ್ಷಗಾನದ ಟೆಂಟು, ನಾಟಕ ಕಂಪನಿಗಳು. ಕಂಪನಿ ನಾಟಕದ ಮೈಕಿನಲ್ಲಿ ನಮ್ಮ ಗದಗಿನ ಕಡೆಯ ಮಾತು ಕೇಳಿಸಿದಾಗ ನಮ್ಮ ಗುಂಪು ಊಟ ಬಿಟ್ಟು ಓಡಿತು. ಜಾತ್ರೆಗೆ ಅಂತ ಊರಿಂದ ನೆಂಟರು ಬರುತ್ತಾರೆ. 'ನೀ ಅಲ್ಲೇ ಅದಿಯಲ್ಲ, ವ್ಯವಸ್ಥಾ ಮಾಡು' ಅನ್ನುತ್ತಾರೆ. ಲಾಡ್ಜು ಒಂದೂ ಖಾಲಿ ಇರುವುದಿಲ್ಲ. ತಿಂಗಳ ಮೊದಲೇ ಗೆಳತಿಯರ ಮನೆಯಲ್ಲಿ ಹೇಳಿಟ್ಟುಕೊಳ್ಳಿ.

ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ. ಬೆನ್ನಿಗೆ ನವಿಲುಗರಿ, ಕೆಂಪು ಬಳಿದ ಮುಖ, ಕೈಯಲ್ಲಿ ಕತ್ತಿ ಗುರಾಣಿ. ತಮಟೆ ಹೊಡೆತಕ್ಕೆ ಬೇಡ ಕುಣಿದು ಎರಗುತ್ತಾನೆ, ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಎಳೆಯುತ್ತಿರುತ್ತಾರೆ. ಮುಂದಿನ ಸಾಲಿನಲ್ಲಿ ನಿಲ್ಲುವ ಧೈರ್ಯ ಇದ್ದರೆ ನಿಲ್ಲಿ. ಆದರೆ ಅದು ಬಿರುಸಾಗುವುದು ರಾತ್ರಿ ಏರಿದ ಮೇಲೆ. ಹಾಸ್ಟೆಲ್ ಗೇಟು ಹಾಕುವ ಹೊತ್ತಿಗೆ ಬಣ್ಣ ಬಳಿದು ಮುಗಿದಿರುವುದೂ ಅನುಮಾನ. ಪೇಟೆಯಲ್ಲಿ ಯಾರದಾದರೂ ದೊಡ್ಡಮ್ಮನ ಮನೆ ಇದೆಯಾ ಅಂತ ಕ್ಲಾಸಿನಲ್ಲಿ ಈಗಲೇ ವಿಚಾರಿಸಿ, ಮನೆಯಿಂದ ಒಪ್ಪಿಗೆ ಪತ್ರ ತರಿಸಿ ವಾರ್ಡನ್ ಹತ್ತಿರ ಕೊಟ್ಟಿಡಿ.